ಲೆಕ್ಕ ತಾಳೆಯಾದರೆ ಸಾಲದು: ಪರ್ವತ ನದಿಗಳ ಮುನ್ಸೂಚನೆಗೆ ಬೇಕು ಇನ್ನಷ್ಟು ಸಾಕ್ಷಿ

2025ರ ಆಗಸ್ಟ್-ಸೆಪ್ಟೆಂಬರ್ ತಿಂಗಳಲ್ಲಿ ಪಂಜಾಬ್ ಕಂಡ ನೆರೆ, 1988ರ ಬಳಿಕ ಆ ರಾಜ್ಯ ಅನುಭವಿಸಿದ ಅತ್ಯಂತ ಭೀಕರ ಪ್ರವಾಹ. ರಾಜ್ಯದ 23 ಜಿಲ್ಲೆಗಳನ್ನೂ ಪ್ರವಾಹಪೀಡಿತ ಎಂದು ಘೋಷಿಸಲಾಯಿತು. ಹೊಲಗಳಲ್ಲಿ ನಿಂತ ನೀರು ಇಳಿಯುವ ಮೊದಲೇ ವಾಗ್ವಾದ ಆರಂಭವಾಯಿತು. ಭಾಕ್ರಾ ಮತ್ತು ಪೋಂಗ್ ಜಲಾಶಯಗಳಿಂದ ಮುಂಗಾರಿಗೆ ಮುನ್ನವೇ ನೀರು ಬಿಟ್ಟು ಜಾಗ ಮಾಡಿಕೊಳ್ಳಲಿಲ್ಲವೆಂದು ಪಂಜಾಬ್ ಸರ್ಕಾರ ಆರೋಪಿಸಿತು. ಬಿಯಾಸ್ ನದಿಯ ಪೋಂಗ್ ಜಲಾಶಯಕ್ಕೆ ಹಿಂದೆಂದೂ ಕಾಣದಷ್ಟು ನೀರು ಹರಿದು ಬಂದಿದ್ದು, ಅಣೆಕಟ್ಟುಗಳು ಇಲ್ಲದೇ ಹೋಗಿದ್ದರೆ ಹಾನಿ ಇನ್ನೂ ಹೆಚ್ಚಾಗುತ್ತಿತ್ತೆಂದು ಭಾಕ್ರಾ-ಬಿಯಾಸ್ ನಿರ್ವಹಣಾ ಮಂಡಳಿ ಸಮರ್ಥಿಸಿಕೊಂಡಿತು.

ಈ ವಾಗ್ವಾದದಲ್ಲಿ ರಾಜಕೀಯದ ಪಾಲು ಎಷ್ಟೇ ಇದ್ದರೂ ಅದರ ಬುಡದಲ್ಲಿರುವುದು ಒಂದು ತಾಂತ್ರಿಕ ಪ್ರಶ್ನೆ. ಮುಂದಿನ ಮೂರು ದಿನ, ಮೂರು ವಾರ ಅಥವಾ ಮೂರು ತಿಂಗಳಲ್ಲಿ ಬೆಟ್ಟದಿಂದ ಎಷ್ಟು ನೀರು ಇಳಿದು ಬರುತ್ತದೆ? ಇದಕ್ಕೆ ಉತ್ತರ ಹೇಳುವುದು ಜಲವಿಜ್ಞಾನದ ಗಣಿತ ಮಾದರಿಗಳು. ಮೇ ಕೊನೆಯಿಂದ ಸೆಪ್ಟೆಂಬರ್ 20ರವರೆಗೆ ಈ ಜಲಾಶಯಗಳನ್ನು ತುಂಬಿಸುವ ಕಾಲ. ತುಂಬದಿದ್ದರೆ ಪಂಜಾಬ್, ಹರಿಯಾಣ, ರಾಜಸ್ಥಾನಗಳ ಹಿಂಗಾರಿ ಬೆಳೆಗೆ ನೀರಿಲ್ಲ. ಬೇಗ ತುಂಬಿಬಿಟ್ಟರೆ ತಡವಾಗಿ ಬಂದ ಮಳೆಯನ್ನು ಹಿಡಿದಿಡಲು ಜಾಗವಿಲ್ಲ. ಅಧಿಕಾರಿಯೊಬ್ಬರು ಗೇಟು ತೆರೆಯುವ ನಿರ್ಧಾರ ಕೈಗೊಳ್ಳುವಾಗ ಅವರ ಮುಂದಿರುವ ಅಂಕಿ ಎಷ್ಟು ನಂಬಲರ್ಹ ಎಂಬುದೇ ಕೆಳಗಿನ ಲಕ್ಷಾಂತರ ಜನರ ಅದೃಷ್ಟವನ್ನು ತೀರ್ಮಾನಿಸುತ್ತದೆ.

ಹೊಂದಿಸುವ ಕಲೆ

ಜಲವಿಜ್ಞಾನ ಮಾದರಿ ಎಂದರೆ ನದಿಯೊಂದರ ಆಯವ್ಯಯ ಪತ್ರವೆಂದು ತಿಳಿಯಬಹುದು. ಮಳೆ ಮತ್ತು ಹಿಮ ಆದಾಯ. ಆವಿಯಾಗಿ ಹೋದದ್ದು, ನೆಲ ಹೀರಿಕೊಂಡದ್ದು, ನದಿಯಲ್ಲಿ ಹರಿದದ್ದು ವೆಚ್ಚ. ಹಿಮನದಿಗಳು ಹಳೆಯ ಠೇವಣಿ ಇದ್ದಂತೆ. ಇವುಗಳ ನಡುವಿನ ಸಂಬಂಧವನ್ನು ಸಮೀಕರಣಗಳ ರೂಪದಲ್ಲಿ ಬರೆದರೂ ಅವುಗಳಲ್ಲಿ ನೇರವಾಗಿ ಅಳೆಯಲಾಗದ ಹಲವು ಗುಣಾಂಕಗಳು ಉಳಿಯುತ್ತವೆ. ಶೂನ್ಯಕ್ಕಿಂತ ಮೇಲಿನ ಪ್ರತಿ ಡಿಗ್ರಿ ಉಷ್ಣತೆಗೆ ದಿನಕ್ಕೆ ಎಷ್ಟು ಮಿಲಿಮೀಟರ್ ಹಿಮ ಕರಗುತ್ತದೆ? ಎತ್ತರ ಏರಿದಂತೆ ಉಷ್ಣತೆ ಎಷ್ಟು ಇಳಿಯುತ್ತದೆ, ಮಳೆ ಎಷ್ಟು ಹೆಚ್ಚುತ್ತದೆ? ಮಣ್ಣು ಎಷ್ಟು ನೀರನ್ನು ಹಿಡಿದಿಟ್ಟುಕೊಂಡು ಎಷ್ಟು ದಿನಗಳ ಬಳಿಕ ಬಿಟ್ಟುಕೊಡುತ್ತದೆ?

ಈ ಗುಣಾಂಕಗಳನ್ನು ಹೆಚ್ಚು ಕಡಿಮೆ ಮಾಡುತ್ತಾ, ಮಾದರಿ ಹೇಳುವ ಹರಿವು ಮತ್ತು ನದಿಯಲ್ಲಿ ಅಳೆದ ಹರಿವು ಒಂದಕ್ಕೊಂದು ತಾಳೆಯಾಗುವವರೆಗೆ ತಿದ್ದುವ ಕ್ರಿಯೆಯೇ ಕ್ಯಾಲಿಬ್ರೇಷನ್. ಹಳೆಯ ಹತ್ತು ವರ್ಷಗಳ ದಾಖಲೆಗೆ ಮಾದರಿಯನ್ನು ಹೊಂದಿಸಿ, ನಂತರದ ಐದು ವರ್ಷಗಳ ದಾಖಲೆಯ ಮೇಲೆ ಪರೀಕ್ಷಿಸುವುದು ರೂಢಿ. ಎರಡೂ ಕಡೆ ಗೆರೆಗಳು ಕೂಡಿಕೊಂಡರೆ ಮಾದರಿ ಸಿದ್ಧವಾಯಿತೆಂದು ವರದಿ ಬರೆಯಲಾಗುತ್ತದೆ. ಬಯಲು ಸೀಮೆಯ ನದಿಗಳಿಗೆ ಈ ವಿಧಾನ ಬಹುಮಟ್ಟಿಗೆ ಸಾಕಾಗುತ್ತದೆ. ಪರ್ವತ ಕಣಿವೆಗಳಲ್ಲಿ ಮಾತ್ರ ಇದೇ ವಿಧಾನ ಮೋಸ ಮಾಡುವ ಸಾಧ್ಯತೆ ಹೆಚ್ಚು. ಅಲ್ಲಿ ಆದಾಯವನ್ನೇ ಯಾರೂ ಸರಿಯಾಗಿ ಅಳೆದಿರುವುದಿಲ್ಲ ಎಂಬುದು ಇದಕ್ಕೆ ಕಾರಣ.

ಎರಡು ತಪ್ಪು ಸೇರಿ ಒಂದು ಸರಿ

ಹಿಮಾಲಯದ ಮಳೆಮಾಪಕಗಳಲ್ಲಿ ಬಹುಪಾಲು ಇರುವುದು ಕಣಿವೆಯ ತಳದಲ್ಲಿ, ಊರು ಮತ್ತು ರಸ್ತೆಗಳ ಬಳಿ. ಹಿಮ ಹೆಚ್ಚಾಗಿ ಬೀಳುವುದು ಅವುಗಳಿಗಿಂತ ಸಾವಿರಾರು ಮೀಟರ್ ಎತ್ತರದಲ್ಲಿ. ಮಾಪಕವನ್ನು ಮೇಲಕ್ಕೆ ಕೊಂಡೊಯ್ದರೂ ಸಮಸ್ಯೆ ಮುಗಿಯುವುದಿಲ್ಲ. ಬೀಸುವ ಗಾಳಿ ಹಗುರವಾದ ಹಿಮವನ್ನು ಮಾಪಕದ ಬಾಯಿಯಿಂದಾಚೆಗೆ ಹೊತ್ತೊಯ್ಯುವುದರಿಂದ ಬಿದ್ದ ಹಿಮದ ದೊಡ್ಡ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಒಂದು ಕಣಿವೆಯಲ್ಲಿ ವರ್ಷಕ್ಕೆ ನಿಜವಾಗಿ 1,000 ಮಿಲಿಮೀಟರ್ ಮಳೆ ಮತ್ತು ಹಿಮ ಬೀಳುತ್ತದೆ, 300 ಆವಿಯಾಗುತ್ತದೆ, ಉಳಿದ 700 ನದಿಯಲ್ಲಿ ಹರಿಯುತ್ತದೆ ಎಂದಿಟ್ಟುಕೊಳ್ಳೋಣ. ಹಿಮನದಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ತಳದ ಮಾಪಕಗಳು 600 ಮಿಲಿಮೀಟರ್ ಮಾತ್ರ ದಾಖಲಿಸಿವೆ. ಮಾದರಿಯ ಲೆಕ್ಕದಲ್ಲಿ 600ರಿಂದ 300 ಕಳೆದರೆ ಉಳಿಯುವುದು 300. ನದಿಯಲ್ಲಿ 700 ಹರಿದಿರುವುದು ಕಣ್ಣಿಗೆ ಕಾಣುತ್ತಿದೆ. ಕೊರತೆಯಾದ 400 ಎಲ್ಲಿಂದ ಬಂತು? ಮಾದರಿಗೆ ಗೊತ್ತಿರುವ ಮೂಲ ಇನ್ನೊಂದೇ: ಹಿಮನದಿಯ ಹಳೆಯ ಠೇವಣಿ. ಕರಗುವಿಕೆಯ ಗುಣಾಂಕವನ್ನು ಏರಿಸಿದೊಡನೆ ಲೆಕ್ಕ ತಾಳೆಯಾಗುತ್ತದೆ. ಗೆರೆಗಳು ಕೂಡಿಕೊಳ್ಳುತ್ತವೆ. ಸ್ಥಿರವಾಗಿದ್ದ ಹಿಮನದಿ ಕಾಗದದ ಮೇಲೆ ವರ್ಷಕ್ಕೆ 400 ಮಿಲಿಮೀಟರ್ ನೀರನ್ನು ಕಳೆದುಕೊಳ್ಳತೊಡಗುತ್ತದೆ.

ಮಳೆಯ ಲೆಕ್ಕ ತಪ್ಪು, ಕರಗುವಿಕೆಯ ಲೆಕ್ಕವೂ ತಪ್ಪು. ಮೊತ್ತ ಮಾತ್ರ ಸರಿ. ಇಂದಿನ ಹರಿವನ್ನು ಹೇಳಲು ಇದು ಸಾಕಾಗಬಹುದು. ಆದರೆ ಇದೇ ಮಾದರಿಯನ್ನು ಹಿಡಿದು ಮೂವತ್ತು ವರ್ಷಗಳ ಬಳಿಕ ನದಿಯಲ್ಲಿ ಎಷ್ಟು ನೀರಿರುತ್ತದೆ ಎಂದು ಕೇಳಿದರೆ, ಕರಗಿ ಮುಗಿದುಹೋದ ಹಿಮನದಿಯ ಚಿತ್ರವನ್ನು ಅದು ಅವಧಿಗೆ ಮುನ್ನವೇ ಮುಂದಿಡುತ್ತದೆ. ಹಿಮ ತಗ್ಗಿ ಮಳೆ ಹೆಚ್ಚಿದ ವರ್ಷದಲ್ಲಿ ಜಲಾಶಯಕ್ಕೆ ನೀರು ಯಾವಾಗ ಬರುತ್ತದೆ ಎಂದು ಕೇಳಿದರೂ ಅದು ದಾರಿ ತಪ್ಪುತ್ತದೆ. ಕರಗುವ ಹಿಮ ವಾರಗಟ್ಟಲೆ ನಿಧಾನವಾಗಿ ಇಳಿದರೆ, ಮಳೆ ಕೆಲವೇ ಗಂಟೆಗಳಲ್ಲಿ ನುಗ್ಗುತ್ತದೆ.

ಇದು ಪುಸ್ತಕದ ಊಹೆಯಲ್ಲ. ಸಿಂಧೂ ನದಿಯ ಮೇಲ್ಕಣಿವೆಯ ಬಗ್ಗೆ ಡಚ್ ವಿಜ್ಞಾನಿ ವಾಲ್ಟರ್ ಇಮ್ಮರ್‌ಝೀಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಲೆಕ್ಕವನ್ನು ತಲೆಕೆಳಗಾಗಿಸಿ ಪರೀಕ್ಷಿಸಿತು. ದೊಡ್ಡ ಹಿಮನದಿಗಳು ಈಗಿರುವ ಸ್ಥಿತಿಯಲ್ಲಿ ಉಳಿಯಬೇಕಾದರೆ ಎಷ್ಟು ಹಿಮ ಬೀಳಲೇಬೇಕು ಎಂದು ಅವರು ಹಿಂದಕ್ಕೆ ಲೆಕ್ಕ ಹಾಕಿದರು. ಎತ್ತರದ ಪ್ರದೇಶಗಳಲ್ಲಿ ಬೀಳುವ ಮಳೆ-ಹಿಮ ಅದುವರೆಗೆ ಭಾವಿಸಿದ್ದಕ್ಕಿಂತ ಸರಾಸರಿ ಎರಡು ಪಟ್ಟಿಗೂ ಅಧಿಕ, ಕೆಲವೆಡೆ ಹತ್ತು ಪಟ್ಟಿನವರೆಗೂ ಹೆಚ್ಚಿರಬೇಕೆಂದು ಕಂಡುಬಂತು. ನದಿಯ ಹರಿವಿನ ದಾಖಲೆಯೂ ಈ ತೀರ್ಮಾನವನ್ನೇ ಸಮರ್ಥಿಸಿತು. ಹಳೆಯ ಮಳೆ ಅಂಕಿಗಳನ್ನು ನಂಬಿ ಹೊಂದಿಸಿದ ಮಾದರಿಗಳು ಆ ಕೊರತೆಯನ್ನು ಬೇರೆ ಯಾವುದೋ ಖಾತೆಯಿಂದ ಭರಿಸಿಕೊಂಡಿರಲೇಬೇಕು ಎಂಬುದು ಇದರ ಅರ್ಥ.

ಸಟ್ಲೆಜ್ ನದಿಯ ಲೆಕ್ಕದಲ್ಲೂ ಇದೇ ಎಚ್ಚರಿಕೆ ಅಗತ್ಯ. ಭಾಕ್ರಾ ಜಲಾಶಯಕ್ಕೆ ಬರುವ ವಾರ್ಷಿಕ ನೀರಿನಲ್ಲಿ ಸರಾಸರಿ ಶೇ 59ರಷ್ಟು ಹಿಮ ಮತ್ತು ಹಿಮನದಿಗಳ ಕೊಡುಗೆ ಎಂದು ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರತಾಪ್ ಸಿಂಗ್ ಮತ್ತು ಎಸ್.ಕೆ. ಜೈನ್ 2002ರಲ್ಲಿ ಅಂದಾಜಿಸಿದ್ದರು. ಇಂದಿಗೂ ಬಹಳ ಕಡೆ ಉಲ್ಲೇಖವಾಗುವ ಈ ಅಂಕಿ ಬಂದದ್ದು ಜಲಸಮತೋಲನದ ಲೆಕ್ಕದಿಂದ. ಅಳೆದ ಹರಿವಿನಿಂದ ಮಳೆಯ ಪಾಲನ್ನು ಬೇರ್ಪಡಿಸಿ. ಮಳೆಯ ಅಳತೆ ಕಡಿಮೆಯಾಗಿದ್ದರೆ ಹಿಮದ ಪಾಲು ತಾನಾಗಿಯೇ ಹೆಚ್ಚಾಗಿ ಕಾಣುತ್ತದೆ. ಅಧ್ಯಯನದ ಮೌಲ್ಯವನ್ನು ಇದು ತಗ್ಗಿಸುವುದಿಲ್ಲ. ಆದರೆ ಆ ಅಂಕಿಯನ್ನು ಶಿಲಾಶಾಸನದಂತೆ ಬಳಸುವ ಯೋಜನಾ ವರದಿಗಳು ಅದರ ಹಿಂದಿನ ಊಹೆಗಳನ್ನೂ ಓದಬೇಕಾಗುತ್ತದೆ.

ಅಂಕದ ಮೋಹ

ಮಾದರಿಯ ಗುಣಮಟ್ಟವನ್ನು ಒಂದೇ ಅಂಕದಲ್ಲಿ ಹೇಳುವ ಪದ್ಧತಿ 1970ರಿಂದ ರೂಢಿಯಲ್ಲಿದೆ. ಆ ವರ್ಷ ನ್ಯಾಶ್ ಮತ್ತು ಸಟ್‌ಕ್ಲಿಫ್ ಎಂಬಿಬ್ಬರು ಮುಂದಿಟ್ಟ ಸೂತ್ರದ ಪ್ರಕಾರ, ಮಾದರಿ ಪರಿಪೂರ್ಣವಾಗಿದ್ದರೆ ಅಂಕ 1. ಬರೀ ಸರಾಸರಿ ಹರಿವನ್ನೇ ಪ್ರತಿದಿನ ಹೇಳಿದಷ್ಟು ನಿಷ್ಪ್ರಯೋಜಕವಾಗಿದ್ದರೆ ಅಂಕ ಸೊನ್ನೆ. ಯೋಜನಾ ವರದಿಯಲ್ಲಿ 0.8 ಅಥವಾ 0.9 ಕಂಡರೆ ಓದುವವರಿಗೆ ಸಮಾಧಾನ.

ಆದರೆ ಹಿಮದಿಂದ ಹುಟ್ಟುವ ನದಿಯ ಸ್ವಭಾವವೇ ಈ ಅಂಕವನ್ನು ಉಬ್ಬಿಸುತ್ತದೆ. ಅಂಥ ನದಿ ಪ್ರತಿ ಬೇಸಿಗೆಯಲ್ಲೂ ಏರುತ್ತದೆ, ಪ್ರತಿ ಚಳಿಗಾಲದಲ್ಲೂ ಇಳಿಯುತ್ತದೆ. ಹಿಂದಿನ ವರ್ಷಗಳ ಕ್ಯಾಲೆಂಡರನ್ನು ನೋಡಿ, ಯಾವ ಗಣಿತವೂ ಇಲ್ಲದೆ, ಜುಲೈನಲ್ಲಿ ಇಷ್ಟು ಜನವರಿಯಲ್ಲಿ ಇಷ್ಟು ಎಂದು ಹೇಳಿದರೂ ಸಾಕಷ್ಟು ಅಂಕ ಬಂದುಬಿಡುತ್ತದೆ. ಹೀಗಾಗಿ ಪರ್ವತ ನದಿಯಲ್ಲಿ ಕೇಳಬೇಕಾದ ಪ್ರಶ್ನೆ, ಮಾದರಿಗೆ ಎಷ್ಟು ಅಂಕ ಬಂತು ಎಂಬುದಲ್ಲ. ಕ್ಯಾಲೆಂಡರಿಗಿಂತ ಅದು ಎಷ್ಟು ಮೇಲು ಎಂಬುದು.

ಇನ್ನೊಂದು ತೊಡಕನ್ನು ಬ್ರಿಟನ್ನಿನ ಜಲವಿಜ್ಞಾನಿ ಕೀತ್ ಬೆವನ್ ದಶಕಗಳಿಂದ ಎತ್ತಿ ತೋರಿಸುತ್ತಾ ಬಂದಿದ್ದಾರೆ. ಒಂದೇ ಮಾದರಿಯಲ್ಲಿ ಗುಣಾಂಕಗಳ ಬೇರೆ ಬೇರೆ ಜೋಡಣೆಗಳು ಒಂದೇ ಬಗೆಯ ಉತ್ತರ ಕೊಡಬಲ್ಲವು. ಒಂದು ಜೋಡಣೆಯಲ್ಲಿ ಮಣ್ಣು ನೀರನ್ನು ಹಿಡಿದಿಡುತ್ತದೆ, ಹಿಮ ಬೇಗ ಕರಗುತ್ತದೆ; ಇನ್ನೊಂದರಲ್ಲಿ ಮಣ್ಣು ಬೇಗ ಬಿಟ್ಟುಕೊಡುತ್ತದೆ, ಹಿಮ ನಿಧಾನವಾಗಿ ಕರಗುತ್ತದೆ. ಅಣೆಕಟ್ಟಿನ ಬಳಿ ನಿಂತು ನೋಡಿದರೆ ಎರಡೂ ಒಂದೇ. ಅವುಗಳ ವ್ಯತ್ಯಾಸ ಬಯಲಾಗುವುದು ಅಸಾಮಾನ್ಯವಾದ ವರ್ಷವೊಂದು ಎದುರಾದಾಗ, ಅಂದರೆ ಸರಿಯಾದ ಉತ್ತರ ಅತ್ಯಂತ ಅಗತ್ಯವಾದ ಹೊತ್ತಿನಲ್ಲಿ.

ಮಾದರಿಯನ್ನು ಯಾವುದಕ್ಕೆ ಹೋಲಿಸಲಾಗುತ್ತದೋ ಆ ಹರಿವಿನ ದಾಖಲೆಯೂ ಪ್ರಶ್ನಾತೀತವಲ್ಲ. ನದಿಯಲ್ಲಿ ಪ್ರತಿದಿನ ಅಳೆಯುವುದು ನೀರಿನ ಮಟ್ಟವನ್ನು ಮಾತ್ರ. ಮಟ್ಟದಿಂದ ಹರಿವನ್ನು ಲೆಕ್ಕಹಾಕಲು ಒಂದು ಕೋಷ್ಟಕ ಬಳಸಲಾಗುತ್ತದೆ. ಬಂಡೆಗಳನ್ನು ಉರುಳಿಸಿಕೊಂಡು ಬರುವ ಪರ್ವತ ನದಿಯಲ್ಲಿ ಪಾತ್ರದ ಆಕಾರವೇ ಪ್ರತಿ ನೆರೆಗೂ ಬದಲಾಗುತ್ತದೆ. ದೊಡ್ಡ ನೆರೆಯ ಮಧ್ಯೆ ದೋಣಿ ಇಳಿಸಿ ವೇಗ ಅಳೆಯುವುದು ಅಸಾಧ್ಯ. ಎಷ್ಟೋ ಸಲ ಮಾಪನ ಕೇಂದ್ರವೇ ಕೊಚ್ಚಿಹೋಗುತ್ತದೆ. ಆದ್ದರಿಂದ ಅತಿ ದೊಡ್ಡ ಹರಿವಿನ ಅಂಕಿಗಳು ಬಹುತೇಕ ಅಂದಾಜಿನವು.

ದಾಖಲೆಯಲ್ಲಿ ಇಲ್ಲದ ನೆರೆ

ಎಲ್ಲವನ್ನೂ ಸರಿಯಾಗಿ ಅಳೆದರೂ, ಹಿಂದೆ ನಡೆಯದ ಘಟನೆಯನ್ನು ಹಳೆಯ ದಾಖಲೆಗೆ ಹೊಂದಿಸಿದ ಮಾದರಿ ಊಹಿಸಲಾರದು. ಸಿಕ್ಕಿಂನ ತೀಸ್ತಾ ನದಿಯಲ್ಲಿ 2023ರ ಅಕ್ಟೋಬರ್ 3ರ ರಾತ್ರಿ ಇದು ರುಜುವಾತಾಯಿತು. ದಕ್ಷಿಣ ಲೊನಾಕ್ ಹಿಮಸರೋವರಕ್ಕೆ ಅದರ ಪಕ್ಕದ ಹೆಪ್ಪುಗಟ್ಟಿದ ಮಣ್ಣು-ಕಲ್ಲಿನ ದಿಬ್ಬ ಕುಸಿದು ಬಿದ್ದು, ಎದ್ದ ಅಲೆ ಸರೋವರದ ಕಟ್ಟೆಯನ್ನು ಒಡೆಯಿತು. ಕೆಳಗೆ ಚುಂಗ್ತಾಂಗ್‌ನಲ್ಲಿದ್ದ 1,200 ಮೆಗಾವಾಟ್ ಸಾಮರ್ಥ್ಯದ ತೀಸ್ತಾ-3 ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು. ಹತ್ತಾರು ಜನ ಮೃತಪಟ್ಟರು, ಇನ್ನೂ ಹತ್ತಾರು ಮಂದಿ ನಾಪತ್ತೆಯಾದರು.

ಮೂಲ ಅಣೆಕಟ್ಟಿನ ಕೋಡಿಯನ್ನು ಸೆಕೆಂಡಿಗೆ ಸುಮಾರು 7,000 ಘನಮೀಟರ್ ನೀರು ಹೊರಬಿಡುವಂತೆ ರೂಪಿಸಲಾಗಿತ್ತು. ಮರುನಿರ್ಮಾಣದ ಪ್ರಸ್ತಾವದಲ್ಲಿ ಇದನ್ನು ಹೆಚ್ಚುಕಡಿಮೆ ಮೂರು ಪಟ್ಟಿಗೆ ಏರಿಸಲಾಯಿತು. ಮಧ್ಯದ ವರ್ಷಗಳಲ್ಲಿ ಕಣಿವೆ ಮೂರು ಪಟ್ಟು ಹಿಗ್ಗಿರಲಿಲ್ಲ. ಹಿಗ್ಗಿದ್ದು ಅದರ ಬಗೆಗಿನ ಲೆಕ್ಕ. ಅದೂ ದುರಂತದ ಬಳಿಕ.

ಹವಾಮಾನ ಬದಲಾವಣೆ ಈ ತೊಡಕನ್ನು ಮತ್ತಷ್ಟು ಬಿಗಿಗೊಳಿಸಿದೆ. ಎತ್ತರ ಒಂದು ಕಿಲೋಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ಒಂದು ಡಿಗ್ರಿ ತಾಪ ಏರಿದರೆ ಮಳೆ ಹಿಮವಾಗುವ ಗಡಿರೇಖೆ ಸುಮಾರು 150 ಮೀಟರ್ ಮೇಲಕ್ಕೆ ಸರಿಯುತ್ತದೆ. ಹಿಂದೆ ಹಿಮವಾಗಿ ನಿಂತು ನಿಧಾನವಾಗಿ ಇಳಿಯುತ್ತಿದ್ದ ನೀರು ಮಳೆಯಾಗಿ ಒಮ್ಮೆಲೇ ಇಳಿಯುವ ವಿಸ್ತೀರ್ಣ ಅಷ್ಟರಮಟ್ಟಿಗೆ ಹೆಚ್ಚುತ್ತದೆ. 1980ರ ದಶಕದ ದಾಖಲೆಗೆ ಹೊಂದಿಸಿದ ಮಾದರಿ ಇಂದಿನ ನದಿಗೆ ಹೊಂದಬೇಕೆಂಬ ನಿಯಮವಿಲ್ಲ. ಜಲವಿಜ್ಞಾನಿ ವಿಟ್ ಕ್ಲೆಮೆಶ್ 1986ರಲ್ಲೇ ಇದಕ್ಕೊಂದು ಪರೀಕ್ಷೆ ಸೂಚಿಸಿದ್ದರು: ಬರಗಾಲದ ವರ್ಷಗಳಿಗೆ ಹೊಂದಿಸಿದ ಮಾದರಿಯನ್ನು ಅತಿವೃಷ್ಟಿಯ ವರ್ಷಗಳ ಮೇಲೆ, ಅತಿವೃಷ್ಟಿಯದನ್ನು ಬರಗಾಲದ ಮೇಲೆ ಪರೀಕ್ಷಿಸಬೇಕು. ನಾಲ್ಕು ದಶಕಗಳಾದರೂ ಈ ಸರಳ ಪರೀಕ್ಷೆ ಕಡ್ಡಾಯವಾಗಿಲ್ಲ.

ಸಹ್ಯಾದ್ರಿಯೂ ಹೊರತಲ್ಲ

ಹಿಮವಿಲ್ಲದ ಪಶ್ಚಿಮ ಘಟ್ಟಗಳಲ್ಲಿ ಸಮಸ್ಯೆಯ ರೂಪ ಬೇರೆ, ಮೂಲ ಒಂದೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಮಳೆ, ಸುಮಾರು 30 ಕಿಲೋಮೀಟರ್ ಪೂರ್ವದ ಕುಶಾಲನಗರ ತಲುಪುವಷ್ಟರಲ್ಲಿ ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಕಾವೇರಿಯ ಮೇಲ್ಕಣಿವೆಯ ಮಾದರಿ ಯಾವ ಮಾಪಕವನ್ನು ಎಷ್ಟು ವಿಸ್ತೀರ್ಣಕ್ಕೆ ಅನ್ವಯಿಸುತ್ತದೆ ಎಂಬುದರ ಮೇಲೆಯೇ ಒಳಹರಿವಿನ ಲೆಕ್ಕ ಏರುಪೇರಾಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ 6 ಸಾವಿರಕ್ಕೂ ಅಧಿಕ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಕರ್ನಾಟಕದಲ್ಲಿರುವುದು ದೊಡ್ಡ ಅನುಕೂಲ. ಹಿಮಾಲಯದ ಯಾವ ಕಣಿವೆಗೂ ಈ ಭಾಗ್ಯವಿಲ್ಲ. ಆದರೆ ಪಂಚಾಯಿತಿ ಇರುವುದು ಜನವಸತಿಯಲ್ಲಿ; ಅತಿ ಹೆಚ್ಚು ಮಳೆ ಸುರಿಯುವುದು ಜನರಿಲ್ಲದ ಕಾಡಿನ ನೆತ್ತಿಯ ಮೇಲೆ.

ಮಾದರಿಯ ಲೆಕ್ಕ ಸಾರ್ವಜನಿಕ ನ್ಯಾಯತೀರ್ಮಾನದ ಭಾಗವೂ ಆಗುತ್ತದೆ ಎಂಬುದನ್ನು 2018ರ ಆಗಸ್ಟ್ ತಿಂಗಳ ಕೇರಳದ ಪ್ರವಾಹ ತೋರಿಸಿಕೊಟ್ಟಿತು. ಅಣೆಕಟ್ಟುಗಳ ಅಸಮರ್ಪಕ ನಿರ್ವಹಣೆಯೇ ನೆರೆಯನ್ನು ಉಲ್ಬಣಿಸಿತೆಂದು ಹೈಕೋರ್ಟ್‌ಗೆ ನೆರವಾಗಲು ನೇಮಕವಾಗಿದ್ದ ಅಮಿಕಸ್ ಕ್ಯೂರಿ 2019ರಲ್ಲಿ ವರದಿ ನೀಡಿದರು. ಕೇಂದ್ರ ಜಲ ಆಯೋಗದ ಅಭಿಪ್ರಾಯ ಇದಕ್ಕೆ ವ್ಯತಿರಿಕ್ತವಾಗಿತ್ತು. ಪೆರಿಯಾರ್ ಕಣಿವೆಯ ಬಗ್ಗೆ ಮದ್ರಾಸ್ ಐಐಟಿಯ ತಜ್ಞರು ಅದೇ ವರ್ಷ ಪ್ರಕಟಿಸಿದ ಅಧ್ಯಯನ ಕಂಪ್ಯೂಟರ್ ಮಾದರಿಯ ಮೂಲಕ ಪ್ರಶ್ನೆಗೆ ಉತ್ತರ ಹುಡುಕಿತು: ಜಲಾಶಯವನ್ನು ಮೊದಲೇ ಖಾಲಿ ಮಾಡಿದ್ದರೂ ನೆರೆಯ ಗರಿಷ್ಠ ಹರಿವು ಶೇ 16ರಿಂದ 21ರಷ್ಟು ಮಾತ್ರ ತಗ್ಗುತ್ತಿತ್ತು, ನೀರಿನ ಬಹುಪಾಲು ಬಂದದ್ದು ಅಣೆಕಟ್ಟುಗಳಿಲ್ಲದ ಉಪಕಣಿವೆಗಳಿಂದ.

ಈ ಉತ್ತರವನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಅದು ಅಧಿಕಾರಿಗಳನ್ನು ದೋಷಮುಕ್ತರನ್ನಾಗಿಸುವ ಅಥವಾ ಸಂತ್ರಸ್ತರ ದೂರನ್ನು ತಳ್ಳಿಹಾಕುವ ಸಾಕ್ಷ್ಯವಾಗುವುದಾದರೆ, ಮಾದರಿಯನ್ನು ಯಾವ ವರ್ಷಗಳ, ಯಾವ ಮಾಪಕಗಳ ದಾಖಲೆಗೆ ಹೊಂದಿಸಲಾಯಿತು, ಗುಣಾಂಕಗಳನ್ನು ಸ್ವಲ್ಪ ಬದಲಿಸಿದರೆ ಉತ್ತರ ಎಷ್ಟು ಅಲುಗಾಡುತ್ತದೆ ಎಂಬುದನ್ನು ಬೇರೆಯವರೂ ಪರೀಕ್ಷಿಸುವಂತಿರಬೇಕು. ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಒಳಪಡದ ಸಾಕ್ಷಿಗೆ ಬೆಲೆಯಿಲ್ಲ. ಮಾದರಿಗೂ ಅದೇ ನಿಯಮ ಅನ್ವಯಿಸಬೇಕು.

ಬೀಗದೊಳಗಿನ ದತ್ತಾಂಶ

ಇಲ್ಲಿ ಎದುರಾಗುವುದು ಸರ್ಕಾರದ ಧೋರಣೆಯ ಪ್ರಶ್ನೆ. ಗಡಿ ದಾಟುವ ನದಿಗಳೆಂಬ ಕಾರಣಕ್ಕೆ ಸಿಂಧೂ, ಗಂಗಾ ಮತ್ತು ಬ್ರಹ್ಮಪುತ್ರ ಕಣಿವೆಗಳ ಹರಿವಿನ ದತ್ತಾಂಶವನ್ನು ಭಾರತ ಗೋಪ್ಯವೆಂದು ವರ್ಗೀಕರಿಸಿದೆ. ಕಾವೇರಿ, ಕೃಷ್ಣಾ ನದಿಗಳ ಅಂಕಿಗಳು ಸಂಶೋಧಕರಿಗೆ ದೊರೆಯುತ್ತವೆ. ಹಿಮಾಲಯದ ನದಿಗಳದ್ದು ಅನುಮತಿಯ ಸುಳಿಯಲ್ಲಿ ಸಿಲುಕುತ್ತವೆ. ಅಳತೆಗಳು ಅತ್ಯಂತ ಕಡಿಮೆ ಇರುವ ಕಡೆಯೇ, ಇರುವಷ್ಟು ಅಳತೆಗಳಿಗೂ ಬೀಗ ಬಿದ್ದಿದೆ.

ಗಡಿಯಾಚೆಗಿನ ಸ್ಥಿತಿ ಇನ್ನೂ ಕಠಿಣ. ಭಾಕ್ರಾಕ್ಕೆ ನೀರುಣಿಸುವ ಸಟ್ಲೆಜ್ ಕಣಿವೆಯ ಸುಮಾರು ಮೂರನೇ ಎರಡು ಭಾಗ ಟಿಬೆಟ್‌ನಲ್ಲಿದೆ. 2004ರಲ್ಲಿ ಅಲ್ಲಿನ ಪರೇಚು ನದಿಗೆ ಭೂಕುಸಿತದಿಂದ ಅಡ್ಡಗಟ್ಟೆ ಬಿದ್ದು ಸರೋವರ ನಿರ್ಮಾಣವಾಗಿ, ಮರುವರ್ಷ ಜೂನ್‌ನಲ್ಲಿ ಅದು ಒಡೆದು ಹಿಮಾಚಲ ಪ್ರದೇಶದಲ್ಲಿ ಹಾನಿಯುಂಟಾಗಿತ್ತು. ಸಟ್ಲೆಜ್‌ನ ನೆರೆ ಮಾಹಿತಿ ಹಂಚಿಕೊಳ್ಳಲು ಚೀನಾದೊಂದಿಗೆ 2005ರಲ್ಲಿ ಮಾಡಿಕೊಂಡ ಒಪ್ಪಂದದ ಅವಧಿ, ಎರಡು ಬಾರಿ ನವೀಕರಣಗೊಂಡು 2020ರಲ್ಲಿ ಕೊನೆಗೊಂಡಿತು.

ಯಂತ್ರಕಲಿಕೆ ಆಧಾರಿತ ಹೊಸ ಮಾದರಿಗಳು ಈ ಕೊರತೆಯನ್ನು ನೀಗಿಸುತ್ತವೆ ಎಂಬ ಭರವಸೆ ಕೇಳಿಬರುತ್ತಿದೆ. ಸಾವಿರಾರು ಕಣಿವೆಗಳ ದಾಖಲೆಯಿಂದ ಕಲಿತು, ಮಾಪಕವಿಲ್ಲದ ನದಿಗೂ ಮುನ್ಸೂಚನೆ ನೀಡುವ ಅವುಗಳ ಸಾಮರ್ಥ್ಯ ಗಮನಾರ್ಹ. ಆದರೆ ಅವೂ ಕಲಿಯುವುದು ದತ್ತಾಂಶದಿಂದಲೇ. ನೆತ್ತಿಯ ಹಿಮವನ್ನು ಯಾರೂ ಅಳೆಯದಿದ್ದರೆ ಯಂತ್ರವೂ ಅದನ್ನು ಕಲಿಯಲಾರದು.

ಒಂದಕ್ಕಿಂತ ಹೆಚ್ಚು ಸಾಕ್ಷಿ

ಪರಿಹಾರ ಕಾಣದ ಪರಿಸ್ಥಿತಿಯೇನೂ ಇಲ್ಲ. ಹಿಮದ ಹೊದಿಕೆ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಮೋಡಿಸ್ ಉಪಗ್ರಹ ಉಪಕರಣಗಳು 2000ದಿಂದ ದಾಖಲಿಸುತ್ತಿವೆ. ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯ ಲಾಭನಷ್ಟವನ್ನು ವಿಜ್ಞಾನಿಗಳು 2002ರಿಂದ ಸ್ಥಳದಲ್ಲೇ ಅಳೆಯುತ್ತಾ ಬಂದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ಸಟ್ಲೆಜ್ ಕಣಿವೆಯ ಹಿಮನದಿಗಳಲ್ಲಿ ಉಳಿದಿರುವ ಮಂಜಿನ ಪ್ರಮಾಣವನ್ನು ಅಂದಾಜಿಸುವ ಕೆಲಸ ಮಾಡಿದೆ. ಮಾದರಿಯೊಂದು ನದಿಯ ಹರಿವನ್ನಷ್ಟೇ ಅಲ್ಲದೆ ಹಿಮದ ಹೊದಿಕೆ, ಹಿಮನದಿಯ ಲಾಭನಷ್ಟ ಈ ಎರಡನ್ನೂ ಏಕಕಾಲಕ್ಕೆ ಸರಿಯಾಗಿ ಹೇಳಬೇಕೆಂದು ಪಟ್ಟು ಹಿಡಿದರೆ, ಮೇಲಿನ ಕಾಲ್ಪನಿಕ ಲೆಕ್ಕದಲ್ಲಿ ಕಂಡ 400 ಮಿಲಿಮೀಟರ್‌ನ ಕಳ್ಳಲೆಕ್ಕಕ್ಕೆ ಆಸ್ಪದವಿರುವುದಿಲ್ಲ. ಹರಿವಿನ ಅಂಕ ತುಸು ಕಡಿಮೆಯಾಗಬಹುದು. ಮಾದರಿಯ ವಿಶ್ವಾಸಾರ್ಹತೆ ಹೆಚ್ಚುತ್ತದೆ.

ಅದಕ್ಕೆ ಬೇಕಾಗಿರುವುದು ಮೂರು ನಿರ್ಧಾರಗಳು. ಜಲವಿದ್ಯುತ್ ಮತ್ತು ಅಣೆಕಟ್ಟು ಯೋಜನೆಗಳ ಅನುಮೋದನೆಗೆ ಬರುವ ವರದಿಗಳಲ್ಲಿ ಮಾದರಿಯ ಹೊಂದಾಣಿಕೆಯ ವಿವರ, ಕ್ಲೆಮೆಶ್ ಪರೀಕ್ಷೆಯ ಫಲಿತಾಂಶ ಮತ್ತು ಅನಿಶ್ಚಿತತೆಯ ವ್ಯಾಪ್ತಿ ಕಡ್ಡಾಯವಾಗಬೇಕು. ಹೊಸ ಸಾಫ್ಟ್‌ವೇರ್ ಖರೀದಿಗಿಂತ ಮೊದಲು ಎತ್ತರದ ಪ್ರದೇಶಗಳಲ್ಲಿ ಮಾಪನ ಕೇಂದ್ರಗಳಿಗೆ ಮತ್ತು ಅವನ್ನು ಚಳಿಗಾಲದಲ್ಲೂ ನೋಡಿಕೊಳ್ಳುವ ಸಿಬ್ಬಂದಿಗೆ ಹಣ ದೊರೆಯಬೇಕು. ಕನಿಷ್ಠ ಹಳೆಯ ವರ್ಷಗಳ ಹರಿವಿನ ದಾಖಲೆಯನ್ನಾದರೂ ಸಂಶೋಧಕರಿಗೆ ತೆರೆದಿಡಬೇಕು. ಇಪ್ಪತ್ತು ವರ್ಷ ಹಿಂದಿನ ನೀರಿನ ಲೆಕ್ಕದಿಂದ ದೇಶದ ಭದ್ರತೆಗೆ ಒದಗುವ ಅಪಾಯಕ್ಕಿಂತ, ಆ ಲೆಕ್ಕವಿಲ್ಲದೆ ಹೊಂದಿಸಿದ ಮಾದರಿಯಿಂದ ಕಣಿವೆಯ ಜನರಿಗೆ ಒದಗುವ ಅಪಾಯ ಹೆಚ್ಚಿನದು.

ಜಲಾಶಯ ನಿರ್ವಾಹಕರಿಗೆ ಒಂದೇ ಅಂಕಿಯ ಬದಲು ಸಂಭವನೀಯ ಹರಿವಿನ ವ್ಯಾಪ್ತಿಯನ್ನು ತಿಳಿಸುವ ಪದ್ಧತಿ ಬಂದರೆ, ಗೇಟು ತೆರೆಯುವ ನಿರ್ಧಾರ ಸುಲಭವಾಗುತ್ತದೆ ಎಂದೇನಲ್ಲ. ಅದು ಇನ್ನಷ್ಟು ಕಷ್ಟವಾಗಬಹುದು. ಆದರೆ ನೆರೆ ಇಳಿದ ಮೇಲೆ ನಡೆಯುವ ವಾಗ್ವಾದದಲ್ಲಿ ಆಗ ಎರಡು ಪಕ್ಷಗಳ ಮುಂದೆಯೂ ಒಂದೇ ಕಡತವಿರುತ್ತದೆ: ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಗೊತ್ತಿದ್ದೂ ಯಾರು ಸುಮ್ಮನಿದ್ದರು ಎಂಬ ಕಡತ. ಪಂಜಾಬ್‌ನ ರೈತನಿಗೂ ಪೆರಿಯಾರ್ ದಂಡೆಯ ನಿವಾಸಿಗೂ ಸಲ್ಲಬೇಕಾದ ಕನಿಷ್ಠ ನ್ಯಾಯ ಅದು.